ನೂಲಿನ ಷರತ್ತು: ಬೆಳಗಾವಿಯಲ್ಲಿ ಗಾಂಧೀಜಿಗೆ ತಂತ್ರವಿತ್ತೇ?

ಚಳವಳಿಯನ್ನು ಆರಂಭಿಸುವ ನಾಯಕನ ಬಗ್ಗೆ ಜನ ಅಷ್ಟಾಗಿ ಪ್ರಶ್ನೆ ಕೇಳುವುದಿಲ್ಲ. ನಿಲ್ಲಿಸುವ ನಾಯಕನನ್ನು ಕೇಳುತ್ತಾರೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದ ಮಹಾತ್ಮ ಗಾಂಧಿಯವರು ಎದುರಿಸಿದ್ದು ಇಂಥದೇ ಪ್ರಶ್ನೆಯನ್ನು. ಅವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಆ ಸಭೆಯಲ್ಲಿ ಅವರು ದೇಶಕ್ಕೆ ಕೊಟ್ಟದ್ದು ಹೋರಾಟದ ಕರೆಯನ್ನಲ್ಲ; ಅಸಹಕಾರವನ್ನು ಸದ್ಯಕ್ಕೆ ನಿಲ್ಲಿಸುವ ನಿರ್ಣಯವನ್ನು, ಜೊತೆಗೆ ತಿಂಗಳಿಗೆ ಎರಡು ಸಾವಿರ ಗಜ ನೂಲಿನ ಷರತ್ತನ್ನು.

ಇದು ತಂತ್ರವೋ, ತಂತ್ರವಿಲ್ಲದವನ ಹಟವೋ? ಉತ್ತರ ಹುಡುಕಲು ಬೆಳಗಾವಿಯ ವಿಜಯನಗರ ಮಂಟಪದಲ್ಲಿ ಆದ ಭಾಷಣಗಳಷ್ಟೇ ಸಾಲವು. ಗೋಕಾಕ, ಹುಕ್ಕೇರಿ, ಆಗ ಗೋಕಾಕ ತಾಲ್ಲೂಕಿನೊಳಗೇ ಇದ್ದ ಮೂಡಲಗಿಯ ಸೀಮೆಯನ್ನೂ ನೋಡಬೇಕಾಗುತ್ತದೆ.

ಹಿನ್ನೆಲೆ ಇಷ್ಟು. 1922ರ ಫೆಬ್ರವರಿಯಲ್ಲಿ ಚೌರಿಚೌರಾದ ಹಿಂಸೆಯ ನಂತರ ಗಾಂಧೀಜಿ ಚಳವಳಿಯನ್ನು ಹಿಂತೆಗೆದುಕೊಂಡರು. ಮಾರ್ಚಿಯಲ್ಲಿ ಅವರಿಗೆ ಆರು ವರ್ಷಗಳ ಸಜೆಯಾಯಿತು. ಅವರು ಸೆರೆಮನೆಯಲ್ಲಿದ್ದಾಗ ಚಿತ್ತರಂಜನ ದಾಸ್ ಮತ್ತು ಮೋತೀಲಾಲ ನೆಹರೂ 1923ರಲ್ಲಿ ಸ್ವರಾಜ್ಯ ಪಕ್ಷ ಕಟ್ಟಿ ಶಾಸನಸಭೆಗಳಿಗೆ ನುಗ್ಗಿದರು. ಶಸ್ತ್ರಚಿಕಿತ್ಸೆಯ ಬಳಿಕ 1924ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಬಂದ ಗಾಂಧೀಜಿಗೆ ಕಾಣಿಸಿದ್ದು ಎರಡು ಹೋಳಾದ ಕಾಂಗ್ರೆಸ್ಸು, ಅಲ್ಲಲ್ಲಿ ಹಿಂದೂ-ಮುಸ್ಲಿಂ ಗಲಭೆಗಳು. ಜೂನಿನಲ್ಲಿ ಅಹಮದಾಬಾದಿನಲ್ಲಿ ನಡೆದ ಕಾಂಗ್ರೆಸ್ ಸಮಿತಿಯ ಸಭೆಯಲ್ಲಿ ಅವರ ಮಾತು ಪೂರ್ತಿ ನಡೆಯಲಿಲ್ಲ. ತಾವು ಸೋತೆವೆಂದು ಅವರೇ ಬರೆದುಕೊಂಡರು. ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ 21 ದಿನಗಳ ಉಪವಾಸ. ಅಕ್ಟೋಬರಿನಲ್ಲಿ ಸರ್ಕಾರ ಬಂಗಾಳಕ್ಕೆ ಸುಗ್ರೀವಾಜ್ಞೆ ಹೊರಡಿಸಿ ಸುಭಾಷಚಂದ್ರ ಬೋಸರಾದಿಯಾಗಿ ಸ್ವರಾಜ್ಯ ಪಕ್ಷದವರನ್ನು ಬಂಧಿಸಿತು.

ಇಲ್ಲಿಂದ ಗಾಂಧೀಜಿಯ ನಡೆ ಗಮನಿಸುವಂಥದು. ಪೆಟ್ಟು ಬಿದ್ದದ್ದು ತಮ್ಮ ಎದುರು ಗುಂಪಿಗೆ ಎಂದು ಅವರು ಸುಮ್ಮನಿರಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಕಲಕತ್ತೆಗೆ ಹೋಗಿ ದಾಸ್ ಮತ್ತು ಮೋತೀಲಾಲರೊಡನೆ ಒಪ್ಪಂದ ಮಾಡಿಕೊಂಡರು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ಕೆಲಸ ಮಾಡಬಹುದು. ವಿದೇಶಿ ಬಟ್ಟೆಯ ಬಹಿಷ್ಕಾರವೊಂದನ್ನು ಬಿಟ್ಟು ಅಸಹಕಾರದ ಉಳಿದ ಅಂಗಗಳು ನಿಲ್ಲಬೇಕು. ಕಾಂಗ್ರೆಸ್ ಸದಸ್ಯತ್ವಕ್ಕೆ ನಾಲ್ಕಾಣೆ ಚಂದಾದ ಬದಲು ಕೈನೂಲು ಕೊಡಬೇಕು. ಬೆಳಗಾವಿ ಅಧಿವೇಶನ ಇದಕ್ಕೆ ಮುದ್ರೆ ಒತ್ತಿತು.

ಟೀಕಾಕಾರರಿಗೆ ಬೇಕಾದಷ್ಟು ಸಾಮಗ್ರಿ ಇತ್ತು. ಶಾಸನಸಭೆಯ ಬಹಿಷ್ಕಾರವೆಂದು ಎರಡು ವರ್ಷ ಹಟ ಹಿಡಿದವರಿಗೆ ನಾಯಕರೇ ಕೈಕೊಟ್ಟಂತಾಯಿತು. ಬೆಳಗಾವಿಯ ಅಧ್ಯಕ್ಷ ಭಾಷಣ ಉತ್ಸಾಹ ತುಂಬುವಂತಿರಲಿಲ್ಲ ಎಂದು ಜವಾಹರಲಾಲ ನೆಹರೂ ಮುಂದೆ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದರು. ಮುಂದಿನ ಹೋರಾಟ ಯಾವಾಗ ಎಂಬುದಕ್ಕೆ ತಾರೀಖು ಇರಲಿಲ್ಲ, ಯಾವ ವಿಷಯದ ಮೇಲೆ ಎಂಬುದೂ ಇರಲಿಲ್ಲ.

ಇನ್ನು ನೂಲಿನ ಲೆಕ್ಕ. ಎರಡು ಸಾವಿರ ಗಜವೆಂದರೆ ಹೆಚ್ಚೂ ಕಡಿಮೆ 1,830 ಮೀಟರು. ದಿನಕ್ಕೆ ಅರ್ಧ ತಾಸು ರಾಟಿ ತಿರುಗಿಸಿದರೆ ಆಗುವ ಕೆಲಸ. ಆದರೆ ಬೆಳಗಾವಿಯಿಂದ ಅಷ್ಟೇನೂ ದೂರವಿಲ್ಲದ ಗೋಕಾಕದಲ್ಲಿ, ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವ ಜಾಗದ ಪಕ್ಕದಲ್ಲೇ, 1880ರ ದಶಕದಿಂದಲೂ ಗಿರಣಿ ನೂಲು ತೆಗೆಯುತ್ತಿತ್ತು. ನೀರಿನ ಬಲದಿಂದ ನಡೆಯುವ ಆ ಗಿರಣಿಯ ಎದುರು ವಕೀಲರೊಬ್ಬರ ಅರ್ಧ ತಾಸಿನ ರಾಟಿ ಯಾವ ಲೆಕ್ಕ? ಬಟ್ಟೆಯ ಉತ್ಪಾದನೆಯೇ ಗುರಿಯಾಗಿದ್ದರೆ ಷರತ್ತು ನಗೆಪಾಟಲೇ ಸರಿ. ಗುರಿ ಬೇರೆ ಇತ್ತು. ಭಾಷಣ ಮಾಡುವವನಿಗೂ ಹೊಲದಲ್ಲಿ ದುಡಿಯುವವನಿಗೂ ನಡುವೆ ದಿನನಿತ್ಯದ ಒಂದು ಸಾಮಾನ್ಯ ಕೆಲಸ ಇರಲಿ, ಅದರ ಮೂಲಕ ಕಾಂಗ್ರೆಸ್ಸಿಗೆ ಹಳ್ಳಿಯ ದಾರಿ ಸಿಗಲಿ ಎಂಬುದು. ಹತ್ತಿ ಬೆಳೆಯುವ, ನೇಕಾರರಿರುವ ಈ ಭಾಗದಲ್ಲಿ ಆ ದಾರಿ ಕಲ್ಪನೆಯದಾಗಿರಲಿಲ್ಲ.

ಆದರೂ ಷರತ್ತು ಒಂದು ವರ್ಷವೂ ಬಾಳಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿ ಅದನ್ನು ಸಡಿಲಿಸಿ, ನೂಲು ಇಲ್ಲವೆ ನಾಲ್ಕಾಣೆ ಎಂದು ಮಾಡಿತು. ಇಷ್ಟಕ್ಕೇ ಕಥೆ ಮುಗಿದಿದ್ದರೆ ಗಾಂಧೀಜಿಯ ಲೆಕ್ಕ ತಪ್ಪಿತೆಂದು ಬರೆಯಬಹುದಿತ್ತು. ಅದೇ ಸಭೆಯ ಹೊತ್ತಿಗೆ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಒತ್ತಾಯದಿಂದ ಆಗದ್ದನ್ನು ಸಂಸ್ಥೆಯಿಂದ ಮಾಡಿಸುವ ದಾರಿ ಅದು. ತಂತ್ರವಿರುವ ನಾಯಕನಿಗೂ ಹಟವಷ್ಟೇ ಇರುವವನಿಗೂ ಇರುವ ವ್ಯತ್ಯಾಸ ಇಂಥಲ್ಲಿ ತಿಳಿಯುತ್ತದೆ: ಸಾಧನ ಸೋತಾಗ ಅವನು ಸಾಧನವನ್ನು ಬದಲಿಸುತ್ತಾನೆ, ಗುರಿಯನ್ನು ಅಲ್ಲ.

ಗಾಂಧೀಜಿಯ ಲೆಕ್ಕವನ್ನು ಹತ್ತಿರದಿಂದ ತೂಗಿ ನೋಡಿದವರಲ್ಲಿ ಒಬ್ಬರು ಹುದಲಿಯ ಗಂಗಾಧರರಾವ ದೇಶಪಾಂಡೆ. ಹುದಲಿ ಬೆಳಗಾವಿ ತಾಲ್ಲೂಕಿನದಾದರೂ ಹುಕ್ಕೇರಿ, ಗೋಕಾಕ ತಾಲ್ಲೂಕುಗಳ ಮಗ್ಗುಲಿನ ಊರು. 1871ರಲ್ಲಿ ಹುಟ್ಟಿದ ಗಂಗಾಧರರಾವ ಮೂಲತಃ ಲೋಕಮಾನ್ಯ ತಿಲಕರ ಅನುಯಾಯಿ. ತಿಲಕರು ಹೋಮ್‌ರೂಲ್ ಲೀಗನ್ನು ಸ್ಥಾಪಿಸಿದ್ದು ಬೆಳಗಾವಿಯಲ್ಲೇ, 1916ರ ಏಪ್ರಿಲಿನಲ್ಲಿ. ಎದುರಾಳಿಯ ಬಲಹೀನ ಜಾಗ ಹುಡುಕಿ ಹೊಡೆಯುವ ತಿಲಕರ ರಾಜಕಾರಣದಲ್ಲಿ ಪಳಗಿದವರಿಗೆ ಗಾಂಧೀಜಿಯ ರಾಟಿ ಸುಲಭವಾಗಿ ರುಚಿಸುವ ವಸ್ತುವಲ್ಲ. ಆದರೂ ಅಧಿವೇಶನದ ಹೊಣೆ ಹೊತ್ತವರು ಅವರೇ. ಅದಾದ ಮೇಲೆ ಹುದಲಿಯನ್ನು ಖಾದಿಯ ಕೇಂದ್ರವಾಗಿಸಿದರು. ‘ಕರ್ನಾಟಕ ಸಿಂಹ’ ಎಂಬ ಬಿರುದಿನ ಜೊತೆಗೆ ‘ಖಾದಿ ಭಗೀರಥ’ ಎಂಬ ಹೆಸರೂ ಅವರಿಗೆ ಅಂಟಿಕೊಂಡಿತು. ಭಾಷಣದಿಂದ ಹೆಸರಾದವರು ಮುಪ್ಪಿನ ದಿನಗಳನ್ನು ಹಂಜಿ, ಲಡಿಗಳ ಲೆಕ್ಕದಲ್ಲಿ ಕಳೆಯಲು ಒಪ್ಪಿದರೆಂಬುದು ಸಣ್ಣ ಸಾಕ್ಷಿಯಲ್ಲ.

ಎಲ್ಲ ಶ್ರೇಯಸ್ಸನ್ನೂ ಗಾಂಧೀಜಿಗೇ ಕಟ್ಟುವುದು ಮಾತ್ರ ಸರಿಯಾಗದು. ರಾಟಿಯಿಂದ ಸಂಪರ್ಕ ಬೆಳೆಯಬಹುದು, ಶಿಸ್ತಿನ ಪಡೆ ಬೆಳೆಯುವುದಿಲ್ಲ. ಆ ಕೊರತೆಯನ್ನು ಕಂಡವರು ಡಾ. ನಾ.ಸು. ಹರ್ಡೀಕರ. 1923ರಲ್ಲಿ ಕಾಕಿನಾಡಾ ಕಾಂಗ್ರೆಸ್ಸಿನ ಸಮಯದಲ್ಲಿ ಅವರು ಆರಂಭಿಸಿದ ಹಿಂದೂಸ್ತಾನಿ ಸೇವಾದಳಕ್ಕೆ ಬೆಳಗಾವಿ ಅಧಿವೇಶನವೇ ದೊಡ್ಡ ಪರೀಕ್ಷೆಯಾಯಿತು. ಕವಾಯತು, ಸಮವಸ್ತ್ರಗಳನ್ನು ಕಂಡು ಹುಬ್ಬೇರಿಸಿದ ಅಹಿಂಸಾವಾದಿಗಳು ಕಾಂಗ್ರೆಸ್ಸಿನಲ್ಲಿ ಇದ್ದೇ ಇದ್ದರು. ಹರ್ಡೀಕರರು ಮುಂದೆ ಬಾಳಿನ ಕೊನೆಯ ಕಾಲವನ್ನು ಕಳೆದದ್ದು ಘಟಪ್ರಭಾದ ಆರೋಗ್ಯಧಾಮದಲ್ಲಿ. ಕನ್ನಡಿಗರ ಮಟ್ಟಿಗೆ ಇನ್ನೊಂದು ಲಾಭವನ್ನೂ ಇಲ್ಲೇ ಹೇಳಬೇಕು: ಅದೇ ಅಧಿವೇಶನದ ಆವರಣದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ಅದು ಗಾಂಧೀಜಿಯ ಲೆಕ್ಕದಲ್ಲಿ ಇದ್ದ ವಿಷಯವೇನಲ್ಲ.

ಅದೃಷ್ಟದ ಪಾಲನ್ನೂ ಮರೆಯುವಂತಿಲ್ಲ. 1927ರಲ್ಲಿ ಬ್ರಿಟಿಷ್ ಸರ್ಕಾರ ಒಬ್ಬನೂ ಭಾರತೀಯನಿಲ್ಲದ ಸೈಮನ್ ಆಯೋಗವನ್ನು ನೇಮಿಸದೆ ಇದ್ದಿದ್ದರೆ, ಚದುರಿದ ಪಕ್ಷಗಳು ಅಷ್ಟು ಬೇಗ ಒಂದಾಗುತ್ತಿರಲಿಲ್ಲ. ಬೆಳಗಾವಿಯಲ್ಲಿ ಕೂತು ಯಾರೂ ಅದನ್ನು ಊಹಿಸಿರಲಿಲ್ಲ. ಆದರೆ ಅವಕಾಶ ಬಂದಾಗ ಕಾಂಗ್ರೆಸ್ಸು ಒಡೆದಿರಲಿಲ್ಲ, ಹಳ್ಳಿಗಳಲ್ಲಿ ಗುರುತಿನ ಕಾರ್ಯಕರ್ತರಿದ್ದರು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆ ಮುರಿದಾಗ ಕರ್ನಾಟಕದ ಒಳನಾಡಿನಿಂದಲೂ ಜನ ಹೊರಟು ಬಂದರು. ತಂತ್ರವೆಂದರೆ ಭವಿಷ್ಯ ನುಡಿಯುವುದಲ್ಲವಷ್ಟೆ.

1937ರ ಏಪ್ರಿಲಿನಲ್ಲಿ ಗಾಂಧೀಜಿ ಹುದಲಿಗೇ ಬಂದರು. ಅಲ್ಲಿ ನಡೆದದ್ದು ಗಾಂಧಿ ಸೇವಾ ಸಂಘದ ಸಮ್ಮೇಳನ. ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ಪ್ರಾಂತಗಳಲ್ಲಿ ಗೆದ್ದಿತ್ತು. ಮಂತ್ರಿಮಂಡಲ ರಚಿಸುವುದೋ ಬೇಡವೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ರಚನಾತ್ಮಕ ಕಾರ್ಯಕ್ಕೇ ಮೀಸಲಾದ ಸಂಘದ ಸದಸ್ಯರು ಶಾಸನಸಭೆಗೆ ಹೋಗಬಹುದೇ ಎಂಬ ಚರ್ಚೆ ಅಲ್ಲೂ ಎದ್ದಿತು. ಗಾಂಧೀಜಿ ಅದಕ್ಕೆ ಅಡ್ಡ ಬರಲಿಲ್ಲ. 1924ರಲ್ಲಿ ಒಪ್ಪಂದವಾಗಿ ಒಪ್ಪಿಕೊಂಡದ್ದು ಹದಿಮೂರು ವರ್ಷಗಳಲ್ಲಿ ಅವರ ಯೋಜನೆಯ ಭಾಗವೇ ಆಗಿತ್ತು. ಜುಲೈಯಲ್ಲಿ ಕಾಂಗ್ರೆಸ್ ಅಧಿಕಾರ ಸ್ವೀಕರಿಸಲು ತೀರ್ಮಾನಿಸಿತು.

ಕಠಿಣವಾದ ಪರೀಕ್ಷೆ ಬಂದದ್ದು 1942ರಲ್ಲಿ. ಆಗಸ್ಟ್ 9ರ ಬೆಳಗಿನ ಜಾವ ಗಾಂಧೀಜಿಯೂ ಉಳಿದ ನಾಯಕರೂ ಸೆರೆಯಾದರು. ‘ಮಾಡು ಇಲ್ಲವೆ ಮಡಿ’ ಎಂಬ ಮಾತಿನಾಚೆ ಹಳ್ಳಿಗಳಿಗೆ ವಿವರವಾದ ಸೂಚನೆ ತಲುಪಿರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ತಂತಿ ಕತ್ತರಿಸಿದರು, ಚಾವಡಿ, ರೈಲು ನಿಲ್ದಾಣಗಳಿಗೆ ಬೆಂಕಿಯಿಟ್ಟರು. ರಾಟಿಯ ದಾರಿಯಲ್ಲಿ ಬೆಳೆದ ಸಂಪರ್ಕವೇ ರಾಟಿಯ ಧರ್ಮಕ್ಕೆ ವಿರುದ್ಧವಾದ ಕೆಲಸಕ್ಕೂ ಬಳಕೆಯಾಯಿತು. ಜಾಲವನ್ನು ಹೆಣೆದವರ ಲೆಕ್ಕಕ್ಕೆ ಇದನ್ನು ಜಮಾ ಹಿಡಿಯಬೇಕೋ, ಖರ್ಚು ಬರೆಯಬೇಕೋ ಎಂಬುದರಲ್ಲಿ ಆಗಲೂ ಒಮ್ಮತವಿರಲಿಲ್ಲ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಮಾಡಿ ಮಡಿದವರು’ ಕಾದಂಬರಿಗೆ ಆರಿಸಿಕೊಂಡದ್ದು ಆ ಚಳವಳಿಯನ್ನೇ.

ಗಂಗಾಧರರಾವ ದೇಶಪಾಂಡೆಯವರು 1960ರಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮುಂಚೆ, 1954ರಲ್ಲಿ, ಹುದಲಿಯಲ್ಲಿ ಖಾದಿ ಗ್ರಾಮೋದ್ಯೋಗದ ಉತ್ಪಾದಕರ ಸಂಘ ಸ್ಥಾಪನೆಯಾಗಿತ್ತು. ಎರಡು ಸಾವಿರ ಗಜದ ಷರತ್ತು ಕಾಂಗ್ರೆಸ್ಸಿನ ನಿಯಮಗಳಿಂದ ಮರೆಯಾಗಿ ಆಗಲೇ ಒಂದು ತಲೆಮಾರು ಕಳೆದಿತ್ತು.