ಕಲಾಕೃತಿಗಳ ಆನ್‌ಲೈನ್ ಮಾರಾಟ: ಪುತ್ತೂರು, ಸುಳ್ಯ, ಕಡಬ

ಚಿತ್ರ, ಶಿಲ್ಪ, ಕರಕುಶಲ ವಸ್ತುಗಳನ್ನು ಗ್ಯಾಲರಿಯ ನೆರವಿಲ್ಲದೆ ಜಾಲತಾಣಗಳ ಮೂಲಕ ಮಾರುವ ಪದ್ಧತಿ. ದಕ್ಷಿಣ ಕನ್ನಡದ ಈ ಮೂರೂ ತಾಲೂಕುಗಳು ಅಡಿಕೆ ತೋಟಗಳ ಸೀಮೆ. ಶಿವರಾಮ ಕಾರಂತರ ಬಾಲವನ ಪುತ್ತೂರಿನ ಪರ್ಲಡ್ಕದಲ್ಲಿದೆ. ಕಲೆಯ ವಾತಾವರಣ ಇಲ್ಲಿ ಹಳೆಯದು. ಕೊಳ್ಳುವವರು ಮಾತ್ರ ಹೆಚ್ಚಾಗಿ ದೂರದ ನಗರದವರು. ಯಕ್ಷಗಾನದ ವೇಷ, ಭೂತಾರಾಧನೆಯ ಮುಖವಾಡಗಳಂಥ ವಿಷಯಗಳಿಗೆ ಊರು ಬಿಟ್ಟ ತುಳುನಾಡಿನವರೇ ಸಹಜ ಗಿರಾಕಿಗಳು.

2005ರಲ್ಲಿ ಆರಂಭವಾದ ಎಟ್ಸಿ ಕೈಕೆಲಸಕ್ಕೆ ಹೆಸರಾದ ಜಾಗತಿಕ ತಾಣ. ಭಾರತದಲ್ಲಿ ಅಮೆಜಾನ್‌ನ ಕಾರೀಗರ್, 2019ರ ಫ್ಲಿಪ್‌ಕಾರ್ಟ್ ಸಮರ್ಥ್ ಯೋಜನೆಗಳಿವೆ. ತಾಣದ ಕಮಿಷನ್, ಪ್ಯಾಕಿಂಗ್, ಕೊರಿಯರ್ ವೆಚ್ಚಗಳನ್ನು ಬೆಲೆಯಲ್ಲಿ ಸೇರಿಸದಿದ್ದರೆ ಲಾಭ ಕಾಗದದ ಮೇಲಷ್ಟೇ. ಇಲ್ಲಿನ ಮಳೆಗಾಲವಂತೂ ಕಾಗದದ ಚಿತ್ರಕ್ಕೆ ಶತ್ರು. ಬೂಷ್ಟು ಹಿಡಿಯದಂತೆ ಒಣಗಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಬೇಕು.

ಜಿಎಸ್‌ಟಿ ನೋಂದಣಿಯೇ ಮೊದಲು ದೊಡ್ಡ ತಡೆಯಾಗಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಪ್ಯಾನ್ ಆಧಾರದಲ್ಲಿ ದಾಖಲಾತಿ ಸಂಖ್ಯೆ ಪಡೆದು, ನೋಂದಣಿಯಿಲ್ಲದೆಯೂ ರಾಜ್ಯದೊಳಗೆ ತಾಣಗಳ ಮೂಲಕ ಸರಕು ಮಾರಬಹುದು. ಕಾಸರಗೋಡು ಪಕ್ಕದಲ್ಲೇ ಇದ್ದರೂ ಅದು ಹೊರರಾಜ್ಯ, ಈ ರಿಯಾಯಿತಿ ಅಲ್ಲಿಗೆ ಸಲ್ಲದು. ಗಡಿ ತಾಲೂಕಿನವರಿಗೆ ಇದೊಂದು ವಿಚಿತ್ರ ತೊಡಕು.

ಚಿತ್ರ ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಕೊಂಡವರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಂತೆ, ಮೂಲಚಿತ್ರ 10,000 ರೂಪಾಯಿಗೂ ಮೀರಿ ಮರುಮಾರಾಟವಾದರೆ ಕಲಾವಿದರಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇ. 10 ಮೀರುವಂತಿಲ್ಲ.