ಹಲ್ಲಿದ್ದವರು, ಕಡಲೆ ಇದ್ದವರು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ವಿಧಿಯ ಅಣಕವನ್ನು ಇಷ್ಟು ಚಿಕ್ಕದಾಗಿ ಹೇಳುವ ಮಾತು ಇನ್ನೊಂದು ಸಿಕ್ಕುವುದು ಕಷ್ಟ. ಈ ಅಣಕಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಪರಿಹಾರವೂ ಅಷ್ಟೇ ಸರಳವಾಗಿತ್ತು. ಹಲ್ಲು ಹೋದ ಮೇಲೆ ಅನ್ನವನ್ನು ಮೆತ್ತಗೆ ಕಲಸಿಕೊಳ್ಳುವುದು, ಎಲೆಯಡಿಕೆಯನ್ನು ಕುಟ್ಟಾಣಿಗೆ ಹಾಕಿ ಕುಟ್ಟಿಕೊಳ್ಳುವುದು. ಬಾಯಿ ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿತ್ತು. ಬೊಚ್ಚುಬಾಯಿ ಎಂಬುದು ಮುಪ್ಪಿನ ಜೊತೆಗೆ ಬರುವ ನರೆಯಂತೆ ಸಹಜವಾಗಿತ್ತು. ಅದಕ್ಕಾಗಿ ಯಾರೂ ನಾಚುತ್ತಿರಲಿಲ್ಲ.

ಆದರೆ ಗಾದೆಯನ್ನು ಸ್ವಲ್ಪ ಹೊರಳಿಸಿ ನೋಡೋಣ. ಒಬ್ಬನ ಬಾಳಿನ ಎರಡು ಕಾಲಗಳ ಮಾತನ್ನು ಬಿಟ್ಟು, ಒಂದೇ ಊರಿನ ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬನಿಗೆ ಕಡಲೆ ಇದೆ, ಹಲ್ಲಿಲ್ಲ. ಇನ್ನೊಬ್ಬನಿಗೆ ಹಲ್ಲಿದೆ, ಕಡಲೆ ಇಲ್ಲ. ಇವರಿಬ್ಬರೂ ಸಂತೆಯಲ್ಲಿ ಎದುರಾದರೆ ಏನಾದೀತು? ಕಡಲೆ ಇದ್ದವನು ಒಂದು ಹಿಡಿ ಕಡಲೆ ಕೊಟ್ಟು ಇನ್ನೊಬ್ಬನ ಹಲ್ಲನ್ನೇ ಕೊಂಡುಕೊಂಡಾನು. ಇದು ಕಲ್ಪನೆಯಲ್ಲ. ಯೂರೋಪು ಅಮೆರಿಕಗಳಲ್ಲಿ ಇನ್ನೂರು ವರ್ಷಗಳ ಹಿಂದೆ ನಡೆದ ವ್ಯಾಪಾರ. ಕೃತಕ ದಂತದ ಕಥೆಯನ್ನು ವೈದ್ಯವಿಜ್ಞಾನದ ಪ್ರಗತಿಯ ಕಥೆಯೆಂದು ಓದುವುದು ರೂಢಿ. ಅದು ಯಾರ ಹಲ್ಲು ಯಾರ ಬಾಯಿಗೆ ಹೋಯಿತು ಎಂಬ ಕಥೆಯೂ ಹೌದು.

ನಾವು ಕನ್ನಡದಲ್ಲಿ ಹಲ್ಲು 'ಕಟ್ಟಿಸುವುದು' ಎನ್ನುತ್ತೇವೆ. ಚರಿತ್ರೆಯ ಮೊದಲ ಪುಟಕ್ಕೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ಕ್ರಿ. ಪೂ. ಏಳನೆಯ ಶತಮಾನದ ಸುಮಾರಿಗೆ ಇಟಲಿಯ ಎಟ್ರುಸ್ಕನ್ ಜನ ತೆಳ್ಳನೆಯ ಚಿನ್ನದ ಪಟ್ಟಿಯಿಂದ ಹಲ್ಲು ಕಟ್ಟುತ್ತಿದ್ದರು. ಬಿದ್ದ ಹಲ್ಲಿನ ಜಾಗದಲ್ಲಿ ಬೇರೊಂದು ಹಲ್ಲನ್ನು ನಿಲ್ಲಿಸಿ, ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಪಟ್ಟಿಯನ್ನು ಸುತ್ತಿ ಬಿಗಿಯುತ್ತಿದ್ದರು. ಅಂಥ ಪಟ್ಟಿಗಳು ಅವರ ಗೋರಿಗಳಲ್ಲಿ ಸಿಕ್ಕಿವೆ. ರೋಮನರಿಗೂ ಈ ವಿದ್ಯೆ ಪರಿಚಯವಿತ್ತು. ಕ್ರಿ. ಪೂ. 450ರ ಸುಮಾರಿನ ಅವರ ಹನ್ನೆರಡು ಫಲಕಗಳ ಕಾನೂನು, ಹೆಣದೊಡನೆ ಚಿನ್ನವನ್ನು ಹೂಳಬಾರದೆಂದು ವಿಧಿಸಿ, ಹಲ್ಲಿಗೆ ಕಟ್ಟಿದ ಚಿನ್ನಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಸತ್ತವನ ಬಾಯಿಗೆ ಕೈಹಾಕಬಾರದೆಂಬ ಆ ಮರ್ಯಾದೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಉಳಿಯಲಿಲ್ಲ.

ಅಂದು ಕಟ್ಟಿದ ಹಲ್ಲು ಕೆಲವೇ ಸಿರಿವಂತರ ಒಡವೆಯಾಗಿತ್ತು. ಅದು ದೊಡ್ಡ ವ್ಯಾಪಾರವಾದದ್ದು ಹದಿನೆಂಟನೆಯ ಶತಮಾನದಲ್ಲಿ. ಕಾರಣ, ಸಕ್ಕರೆ. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿದು ತೆಗೆದ ಸಕ್ಕರೆ ಹಡಗುಗಟ್ಟಲೆ ಇಂಗ್ಲೆಂಡಿಗೆ ಬಂತು. 1700ರ ಸುಮಾರಿಗೆ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 4 ಪೌಂಡು ಖರ್ಚಾಗುತ್ತಿದ್ದ ಸಕ್ಕರೆ, ನೂರು ವರ್ಷಗಳಲ್ಲಿ 18 ಪೌಂಡಿಗೆ ಏರಿತು. ಚಹಾ ಸಿಹಿಯಾಯಿತು, ಹಲ್ಲು ಹುಳಿತವು.

ಹಲ್ಲು ಹುಳಿಯುವುದು ಏಕೆ? ಹುಳುವಿನಿಂದ ಎಂಬುದೇ ಎಲ್ಲ ನಾಡುಗಳ ಹಳೆಯ ನಂಬಿಕೆ. ನಮ್ಮ ಸುಶ್ರುತ ಸಂಹಿತೆ ಆ ರೋಗವನ್ನು ಕೃಮಿದಂತಕ ಎಂದು ಕರೆಯುತ್ತದೆ. ನಮ್ಮ ಮನೆಮಾತಿನಲ್ಲಿ ಇಂದಿಗೂ ಅದು ಹುಳುಕುಹಲ್ಲು. ಈ ನಂಬಿಕೆಯನ್ನು ಪರೀಕ್ಷಿಸಿ ತಳ್ಳಿಹಾಕಿದವರಲ್ಲಿ ಪ್ಯಾರಿಸ್ಸಿನ ಪಿಯೆರ್ ಫೋಷಾರ್ ಪ್ರಸಿದ್ಧನಾದವನು. 1728ರಲ್ಲಿ ಅವನು ಎರಡು ಸಂಪುಟಗಳ ದಂತವೈದ್ಯ ಗ್ರಂಥವನ್ನು ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳು ಕಾಣಲಿಲ್ಲವೆಂದು ಬರೆದ. ಸಿಹಿಯನ್ನು ಮಿತಿಯಲ್ಲಿಡಿರೆಂದು ಬುದ್ಧಿ ಹೇಳಿದ. ಹಲ್ಲು ಕೀಳುವ ಕೆಲಸವನ್ನು ಸಂತೆಯ ಬೀದಿಯಿಂದ ಎತ್ತಿ ವಿದ್ಯೆಯ ಪಟ್ಟಕ್ಕೆ ಕೂರಿಸಿದ ಕೀರ್ತಿ ಅವನದು.

ಆದರೂ ಹೋದ ಹಲ್ಲಿನ ಜಾಗಕ್ಕೆ ಇಡಬೇಕಾದದ್ದು ಏನು? ನೀರ್ಗುದುರೆಯ ದಂತವನ್ನು ಕೆತ್ತಿ ದಂತಪಂಕ್ತಿ ಮಾಡುತ್ತಿದ್ದರು. ಅದಕ್ಕೆ ಬೆಲೆ ಬಹಳ. ಕೆಲಕಾಲದಲ್ಲೇ ಹಳದಿಗಟ್ಟಿ, ಕೊಳೆತು, ನಾರುತ್ತಿತ್ತು. ಮೇಲಿನ ಸಾಲು ಜಾರಿ ಬೀಳದಂತೆ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಸುರುಳಿ ಸ್ಪ್ರಿಂಗನ್ನು ಸೇರಿಸುತ್ತಿದ್ದರು. ಹಾಕಿಕೊಂಡವನು ದವಡೆ ಬಿಗಿಹಿಡಿದೇ ಇರಬೇಕು. ಸಡಿಲಬಿಟ್ಟರೆ ಬಾಯಿ ತಾನಾಗಿ ತೆರೆದುಕೊಳ್ಳುವುದು. ದಂತದ ತಳಪಾಯದ ಮೇಲೆ ನಿಜವಾದ ಮನುಷ್ಯರ ಹಲ್ಲನ್ನು ಕೂರಿಸಿದರೆ ನೋಟಕ್ಕೆ ಚೆಂದ, ಬಾಳಿಕೆಯೂ ಹೆಚ್ಚು. ಹೀಗಾಗಿ ಮನುಷ್ಯರ ಹಲ್ಲಿಗೆ ಬೆಲೆ ಬಂತು.

ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹುಂಜದ ಜುಟ್ಟಿನಲ್ಲಿ ಮನುಷ್ಯನ ಹಲ್ಲೊಂದನ್ನು ನೆಟ್ಟು ಅವನು ಪ್ರಯೋಗ ಮಾಡಿದ್ದ. ಒಬ್ಬರ ದವಡೆಯಿಂದ ಆಗ ತಾನೆ ಕಿತ್ತ ಹಲ್ಲನ್ನು ಬಿಸಿ ಆರುವ ಮುಂಚೆ ಇನ್ನೊಬ್ಬರ ಒಸಡಿನ ಕುಳಿಯಲ್ಲಿ ನೆಟ್ಟು, ದಾರದಿಂದ ಕಟ್ಟಿದರೆ ಅದು ನಿಲ್ಲುವುದೆಂದು ಅವನು ನಂಬಿದ. ಅವನ ಮಾತಿಗೆ ತೂಕವಿತ್ತು. ಆ ಪದ್ಧತಿ ಸಿರಿವಂತರ ಷೋಕಿಯಾಯಿತು. ನೆಟ್ಟ ಹಲ್ಲುಗಳು ಬಹುಕಾಲ ನಿಲ್ಲುತ್ತಿರಲಿಲ್ಲ. ಹಲ್ಲಿನೊಡನೆ ರೋಗವೂ ಅಂಟಿಬಂತೆಂಬ ದೂರುಗಳಿದ್ದವು. 1787ರಲ್ಲಿ ಥಾಮಸ್ ರೋಲಂಡ್ಸನ್ ಎಂಬ ವ್ಯಂಗ್ಯಚಿತ್ರಕಾರ ಈ ವೈಭವವನ್ನು ಒಂದು ಚಿತ್ರದಲ್ಲಿ ಬರೆದ. ವೈದ್ಯನು ಹೊಗೆಗೂಡು ಗುಡಿಸುವ ಬಡ ಹುಡುಗನ ಹಲ್ಲನ್ನು ಕೀಳುತ್ತಿದ್ದಾನೆ. ಪಕ್ಕದಲ್ಲಿ ಅದನ್ನು ಪಡೆಯಬೇಕಾದ ಸಿಂಗಾರದ ಹೆಂಗಸು ಕಾದಿದ್ದಾಳೆ. ಬಾಗಿಲ ಬಳಿ ಹರಕು ಬಟ್ಟೆಯ ಇಬ್ಬರು ಮಕ್ಕಳು ಕೆನ್ನೆ ಹಿಡಿದುಕೊಂಡು ಹೊರಟಿದ್ದಾರೆ. ಹಲ್ಲು ಹೋದ ಆ ಮಕ್ಕಳಿಗೆ ಕಡಲೆಯಷ್ಟೇ ಉಳಿದದ್ದು.

ಅಟ್ಲಾಂಟಿಕ್ ಸಾಗರದ ಆಚೆ ಕಥೆ ಇನ್ನೂ ಕಹಿಯಾಗಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವನ ಬಾಯಲ್ಲಿ ಉಳಿದಿದ್ದದ್ದು ಸ್ವಂತದ ಒಂದೇ ಒಂದು ಹಲ್ಲು. ಅವನದು ಮರದ ಹಲ್ಲೆಂದು ಜನಜನಿತವಾದ ಕಥೆ ಸುಳ್ಳು. ಅವನು ಬಳಸಿದ ಸೆಟ್ಟುಗಳಲ್ಲಿ ನೀರ್ಗುದುರೆಯ ದಂತವಿತ್ತು, ಪ್ರಾಣಿಗಳ ಹಲ್ಲಿತ್ತು, ಸೀಸವಿತ್ತು, ಮನುಷ್ಯರ ಹಲ್ಲೂ ಇತ್ತು. 1784ರ ಮೇ ತಿಂಗಳ ಅವನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿದೆ: ದಂತವೈದ್ಯನ ಬಾಬ್ತು, ಒಂಬತ್ತು ಹಲ್ಲುಗಳಿಗಾಗಿ, ಕಪ್ಪು ಜನರಿಗೆ ಕೊಟ್ಟದ್ದು 6 ಪೌಂಡು 2 ಶಿಲಿಂಗು. ಹಲ್ಲೊಂದಕ್ಕೆ ಹದಿಮೂರೂವರೆ ಶಿಲಿಂಗು ಬಿತ್ತು. ಅದೇ ವೈದ್ಯನು ಜಾಹೀರಾತು ಕೊಟ್ಟು, ಮುಂಬದಿಯ ಹಲ್ಲು ಮಾರುವವರಿಗೆ ಎರಡು ಗಿನಿ, ಎಂದರೆ 42 ಶಿಲಿಂಗು, ಕೊಡುವೆನೆಂದು ಕರೆದಿದ್ದ. ಕಪ್ಪು ಬಾಯಿಯ ಹಲ್ಲಿಗೆ ಸಂತೆಯಲ್ಲೂ ಸಮಬೆಲೆ ಇರಲಿಲ್ಲ. ಒಂದು ಡಾಲರಿನ ನೋಟಿನ ಮೇಲೆ ವಾಷಿಂಗ್ಟನ್ನನ ತುಟಿ ಬಿಗಿದು ಊದಿಕೊಂಡಂತೆ ಇದೆ. ಅದು ಗಾಂಭೀರ್ಯವೆಂದು ಜನ ತಿಳಿಯುವುದುಂಟು. ಅದು ಒಳಗಿನ ಸೆಟ್ಟಿನ ಕಾಟ. ಆ ಮುಖದ ಮೂಲ ಚಿತ್ರವನ್ನು ಗಿಲ್ಬರ್ಟ್ ಸ್ಟುವರ್ಟ್ ಬರೆದದ್ದು 1796ರಲ್ಲಿ.

ಬದುಕಿರುವವರು ಸಾಲದಾದಾಗ ವ್ಯಾಪಾರಿಗಳು ಸತ್ತವರ ಬಳಿಗೆ ಹೋದರು. 1815ರ ಜೂನ್ 18ರಂದು ವಾಟರ್‌ಲೂ ಬಯಲಿನಲ್ಲಿ ನೆಪೋಲಿಯನ್ ಸೋತ. ಮಡಿದವರೂ ಗಾಯಗೊಂಡವರೂ ಸೇರಿ ಸುಮಾರು ಐವತ್ತು ಸಾವಿರ ಜನ ಆ ಬಯಲಿನಲ್ಲಿ ಬಿದ್ದಿದ್ದರು. ಕತ್ತಲಾಗುತ್ತಲೇ ಇಕ್ಕಳ ಹಿಡಿದವರು ಬಂದರು. ಸತ್ತವರಲ್ಲಿ ಹೆಚ್ಚಿನವರು ಹರೆಯದ ಹುಡುಗರು. ಹಲ್ಲು ಗಟ್ಟಿ, ಬಿಳುಪು. ಅವು ಲಂಡನ್ನಿನ ಅಂಗಡಿಗಳಿಗೆ ಬಂದು 'ವಾಟರ್‌ಲೂ ಹಲ್ಲು' ಎಂದು ಹೆಸರಾದವು. ಗೋರಿ ಅಗೆದು ತಂದ ಹಲ್ಲಿಗಿಂತ ಯುದ್ಧಭೂಮಿಯ ಹಲ್ಲು ಮೇಲು ಎಂಬುದು ಕೊಳ್ಳುವವರ ಲೆಕ್ಕಾಚಾರ. ದೇಶಕ್ಕಾಗಿ ಸತ್ತವನ ಹಲ್ಲು ಯಾವ ಶ್ರೀಮಂತನ ಔತಣದಲ್ಲಿ ಮಾಂಸ ಅಗಿಯಿತೋ, ಅವನ ತಾಯಿಗೆ ತಿಳಿಯಲಿಲ್ಲ.

ಈ ಕೊಳ್ಳುವಿಕೆಗೆ ಕೊನೆ ಹಾಡಿದ್ದು ಧರ್ಮೋಪದೇಶವಲ್ಲ, ಮಣ್ಣು. ಪ್ಯಾರಿಸ್ಸಿನ ಬಳಿಯ ಸೇಂಟ್ ಜರ್ಮೇನ್ ಊರಿನ ಔಷಧ ವ್ಯಾಪಾರಿ ಅಲೆಕ್ಸಿಸ್ ದ್ಯುಶಾತೊ ನೀರ್ಗುದುರೆಯ ದಂತದ ಸೆಟ್ಟು ಹಾಕಿಕೊಂಡಿದ್ದ. ಔಷಧಗಳ ವಾಸನೆಯೆಲ್ಲ ಅದಕ್ಕೆ ಹಿಡಿದು ಅವನಿಗೆ ಬೇಸರವಾಗಿತ್ತು. ತಾನು ಔಷಧ ಅರೆಯುವ ಪಿಂಗಾಣಿ ಪಾತ್ರೆಗೆ ಮಾತ್ರ ಕಲೆಯೂ ಹಿಡಿಯುವುದಿಲ್ಲ, ವಾಸನೆಯೂ ಇಲ್ಲವಲ್ಲ! 1774ರ ಸುಮಾರಿಗೆ ಅವನು ಪಿಂಗಾಣಿಯಲ್ಲೇ ಸೆಟ್ಟು ಮಾಡಿಸಲು ಹೊರಟ. ಸುಟ್ಟಾಗ ಮಣ್ಣು ಕುಗ್ಗಿ ಅಳತೆ ತಪ್ಪುತ್ತಿತ್ತು. ದ್ಯುಬ್ವಾ ದ ಶೆಮಾಂ ಎಂಬ ವೈದ್ಯ ಆ ವಿದ್ಯೆಯನ್ನು ತಿದ್ದಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಲಂಡನ್ನಿಗೆ ಹೋಗಿ 1791ರಲ್ಲಿ ಪೇಟೆಂಟು ಪಡೆದ. 1808ರಲ್ಲಿ ಇಟಲಿಯ ಫೋನ್ಜಿ ಒಂದೊಂದೇ ಪಿಂಗಾಣಿ ಹಲ್ಲನ್ನು ಪ್ಲಾಟಿನಮ್ ಕೊಕ್ಕೆಯೊಡನೆ ಮಾಡಿ ತೋರಿಸಿದ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಇಂಥ ಹಲ್ಲು ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. ಮನುಷ್ಯನ ಬಾಯಿಗೆ ಕೈಹಾಕುವ ಅಗತ್ಯ ತಪ್ಪುತ್ತ ಬಂತು.

ಉಳಿದದ್ದು ಎರಡು ಅಡಚಣೆ: ನೋವು ಮತ್ತು ಬೆಲೆ. ಸೆಟ್ಟು ಸರಿಯಾಗಿ ಕೂರಬೇಕಾದರೆ ಹಳೆಯ ಬೇರುಗಳನ್ನೆಲ್ಲ ಕೀಳಬೇಕು. ಆ ನೋವಿಗೆ ಅಂಜಿ ಗಿರಾಕಿಗಳು ಓಡುತ್ತಿದ್ದರು. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ನಗೆ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡ. ಅವನ ಹಳೆಯ ಪಾಲುಗಾರ, ಸೆಟ್ಟು ಮಾಡುವುದರಲ್ಲಿ ಪಳಗಿದ್ದ ವಿಲಿಯಮ್ ಮಾರ್ಟನ್, 1846ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಲೋಕಕ್ಕೆ ತೋರಿಸಿದ. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಯಾರು ಮಂಪರಿನಲ್ಲಿ ಮಲಗಿದರೂ ಅದರಲ್ಲಿ ಕಟ್ಟುಹಲ್ಲಿನ ವ್ಯಾಪಾರಕ್ಕೆ ಒಂದು ಪಾಲು ಸಲ್ಲಬೇಕು.

ಬೆಲೆಯನ್ನು ಇಳಿಸಿದ್ದು ರಬ್ಬರು. ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವುದನ್ನು ಕಂಡುಹಿಡಿದಿದ್ದ. ಅವನ ತಮ್ಮ 1851ರಲ್ಲಿ ಗಟ್ಟಿ ರಬ್ಬರಿಗೆ ಪೇಟೆಂಟು ಪಡೆದ. ಒಸಡಿನ ಅಚ್ಚು ತೆಗೆದು ಮೆತ್ತಗಿನ ರಬ್ಬರನ್ನು ಅದರ ಮೇಲೆ ಒತ್ತಿ ಕಾಯಿಸಿದರೆ, ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂರುವ ತಳಪಾಯ ಸಿದ್ಧ. ಚಿನ್ನ ಬೇಡ, ದಂತ ಬೇಡ, ಸ್ಪ್ರಿಂಗೂ ಬೇಡ. ಬಡಗಿಯೂ ದರ್ಜಿಯೂ ಹಲ್ಲು ಕಟ್ಟಿಸಿಕೊಳ್ಳುವಂತಾಯಿತು. ಆದರೆ ಹಕ್ಕು ಹಿಡಿದ ಕಂಪೆನಿ ಸುಮ್ಮನಿರಲಿಲ್ಲ. ಪ್ರತಿ ವೈದ್ಯನಿಂದಲೂ ಶುಲ್ಕ ಕೇಳಿತು. ಕೊಡದವರನ್ನು ಅದರ ಖಜಾಂಚಿ ಜೊಸಾಯ ಬೇಕನ್ ಊರೂರಿನ ನ್ಯಾಯಾಲಯಗಳಿಗೆ ಎಳೆದ. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ, ಹೀಗೆ ಬೇಸತ್ತ ಸ್ಯಾಮ್ಯುಯಲ್ ಚಾಲ್ಫಂಟ್ ಎಂಬ ದಂತವೈದ್ಯ ಬೇಕನ್ನನನ್ನು ಗುಂಡಿಟ್ಟು ಕೊಂದ. ಎರಡು ವರ್ಷದ ಬಳಿಕ ಪೇಟೆಂಟಿನ ಅವಧಿ ಮುಗಿದು ರಬ್ಬರಿನ ಸೆಟ್ಟು ಎಲ್ಲರ ಸೊತ್ತಾಯಿತು. 1930ರ ದಶಕದ ಕೊನೆಯಲ್ಲಿ ಅದರ ಜಾಗಕ್ಕೆ ಒಸಡಿನ ಬಣ್ಣದ ಅಕ್ರಿಲಿಕ್ ಬಂತು.

ಹಲ್ಲು ಅಗ್ಗವಾದರೆ ಸಾಕೆ? ಅಗ್ಗದ ದುಡ್ಡೂ ಇಲ್ಲದವನ ಪಾಡೇನು? ಈ ಪ್ರಶ್ನೆಯನ್ನು ಒಂದು ಸರಕಾರ ಎತ್ತಿಕೊಂಡದ್ದು 1948ರಲ್ಲಿ. ಆ ವರ್ಷ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ, ಹಲ್ಲಿನ ಸೆಟ್ಟನ್ನೂ ಕನ್ನಡಕವನ್ನೂ ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. ಸರಕಾರದ ಅಂದಾಜೆಲ್ಲ ಕೊಚ್ಚಿಹೋಗುವಂತೆ ಜನ ಸಾಲುಗಟ್ಟಿದರು. ಎಷ್ಟೋ ವರ್ಷ ಬೊಚ್ಚುಬಾಯಲ್ಲಿ ಬಾಳಿದವರು ಅವರು. 1951ರಲ್ಲಿ ಕೊರಿಯಾ ಯುದ್ಧದ ಶಸ್ತ್ರಾಸ್ತ್ರಗಳ ವೆಚ್ಚ ಏರಿದಾಗ, ಸೆಟ್ಟಿನ ಬೆಲೆಯಲ್ಲಿ ಸುಮಾರು ಅರ್ಧವನ್ನು ಜನರೇ ಕೊಡಬೇಕೆಂದು ಸರಕಾರ ಗೊತ್ತುಮಾಡಿತು. ಹದಿಮೂರನೆಯ ವಯಸ್ಸಿನಲ್ಲೇ ಕಲ್ಲಿದ್ದಲು ಗಣಿಗೆ ಇಳಿದಿದ್ದ, ಆರೋಗ್ಯ ಸೇವೆಯನ್ನು ಕಟ್ಟಿ ನಿಲ್ಲಿಸಿದ ಅನ್ಯೂರಿನ್ ಬೆವನ್ ಇದನ್ನು ವಿರೋಧಿಸಿ ಮಂತ್ರಿಪದವಿಗೆ ರಾಜೀನಾಮೆ ಇತ್ತ. ವಾಟರ್‌ಲೂ ಯುದ್ಧ ಸಿರಿವಂತರಿಗೆ ಹಲ್ಲು ಕೊಟ್ಟಿತ್ತು. ಕೊರಿಯಾ ಯುದ್ಧ ಬಡವರ ಹಲ್ಲಿಗೆ ಬೆಲೆ ಕಟ್ಟಿತು. ಹಲ್ಲಿಗಾಗಿ ಅಧಿಕಾರ ಬಿಟ್ಟನೆಂದು ನಕ್ಕವರೂ ಇದ್ದಿರಬಹುದು. ಹಿಂದಿನ ಕಥೆಯನ್ನು ಬಲ್ಲವರು ನಗಲಾರರು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಮೊದಲ ಕಾಲೇಜು ತೆರೆದವರು ಡಾಕ್ಟರ್ ರಫಿಯುದ್ದೀನ್ ಅಹಮದ್. ಅಮೆರಿಕದಲ್ಲಿ ಓದಿ ಬಂದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಸ್ಥಾಪಿಸಿದರು. ಖರ್ಚಿಗೆ ತಾವೇ ನಡೆಸುತ್ತಿದ್ದ ಸೋಡಾ ಅಂಗಡಿಯ ಲಾಭವನ್ನು ಸುರಿದರು. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದವು. ಆದರೂ ಬಹುಕಾಲ ನಮ್ಮ ಬಡವರ ದಂತಾಲಯ ಬೀದಿಬದಿಯೇ ಆಗಿತ್ತು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಬಟ್ಟೆ ಹಾಸಿ, ಅದರ ಮೇಲೆ ಸೆಟ್ಟುಗಳ ಸಾಲು ಜೋಡಿಸಿ ಕುಳಿತವರು, ಅಲ್ಲೇ ಅಚ್ಚು ತೆಗೆದು ಅಲ್ಲೇ ಹಲ್ಲು ಕಟ್ಟಿಕೊಡುತ್ತಿದ್ದರು. ಅದು ಶಾಸ್ತ್ರಸಮ್ಮತವಲ್ಲ, ಅಪಾಯವೂ ಉಂಟು. ಆದರೆ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಯಿ ತೆರೆದ ಮುದುಕನಿಗೆ ಬೇರೆ ಬಾಗಿಲು ಎಲ್ಲಿತ್ತು?

ಇಂದು ದವಡೆಯ ಮೂಳೆಗೇ ಬೇರೂರುವ ಹಲ್ಲು ಬಂದಿದೆ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಇಟ್ಟ ಟೈಟಾನಿಯಮ್ ಲೋಹ ಮೂಳೆಗೆ ಬೆಸೆದುಕೊಂಡದ್ದನ್ನು ಕಂಡ. 1965ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ದವಡೆಯಲ್ಲಿ ಅದನ್ನು ನೆಟ್ಟ. ಆ ಹಲ್ಲುಗಳು ಆತ ತೀರಿಕೊಂಡ 2006ರವರೆಗೂ ಕೆಲಸ ಮಾಡಿದವು. ಹಂಟರ್ ಬಡವರ ಹಲ್ಲಿನಿಂದ ಸಾಧಿಸಲಾರದೆ ಹೋದದ್ದು ಲೋಹದ ತಿರುಪಿನಿಂದ ಸಾಧ್ಯವಾಯಿತು. ಅದರ ಬೆಲೆ ಮಾತ್ರ ದಿನಗೂಲಿಯವನ ಕೈಗೆ ಇನ್ನೂ ಎಟುಕದು.

ಇದೆಲ್ಲಕ್ಕಿಂತ ಸಂತೋಷದ ಸಂಗತಿ ಬೇರೊಂದಿದೆ. 1968ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ವಯಸ್ಕರಲ್ಲಿ ನೂರಕ್ಕೆ 37 ಮಂದಿಗೆ ಸ್ವಂತದ ಒಂದು ಹಲ್ಲೂ ಇರಲಿಲ್ಲ. 2009ರ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ 6ಕ್ಕೆ ಇಳಿದಿತ್ತು. ಫೋಷಾರನ ಬುದ್ಧಿಮಾತು ತಡವಾಗಿಯಾದರೂ ಫಲ ಕೊಟ್ಟಿತು. ಹಲ್ಲು ಹೋದ ಮೇಲೆ ಕಟ್ಟಿಸುವ ವಿದ್ಯೆ ದೊಡ್ಡದು. ಹೋಗದಂತೆ ಉಳಿಸುವ ವಿದ್ಯೆ ಅದಕ್ಕಿಂತ ದೊಡ್ಡದು, ಅಗ್ಗದ್ದೂ ಹೌದು. ಅದು ಎಲ್ಲ ಮಕ್ಕಳ ಬಾಯಿಗೂ ತಲಪಿದ ದಿನ ಹಲ್ಲಿನ ಸಂತೆ ತಾನಾಗಿ ಮುಚ್ಚೀತು. ಆಮೇಲೆ ಉಳಿಯುವುದು ಕಡಲೆಯ ಪ್ರಶ್ನೆ.