ಡಾ. ಕೋಟ್ನೀಸ್ ಕಾಲದ ಚೀನೀ ಬಂದೂಕು: ಹಾನ್‌ಯಾಂಗ್ 88

ಚೀನಾಕ್ಕೆ ಹೋಗಿ ಅಲ್ಲಿಯೇ ಪ್ರಾಣ ಬಿಟ್ಟ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಅವರ ಕಥೆ ನವಿ ಪೇಠೆಯಲ್ಲಿ ಗೊತ್ತಿಲ್ಲದವರು ಕಡಿಮೆ. ಅವರು ಚಿಕಿತ್ಸೆ ಕೊಟ್ಟ ಸೈನಿಕರ ಹೆಗಲ ಮೇಲಿದ್ದ ಬಂದೂಕಿನ ಕಥೆ ಮಾತ್ರ ಇಲ್ಲಿ ಅಷ್ಟು ಪರಿಚಿತವಲ್ಲ.

ಇಂದಿನ ವುಹಾನ್ ನಗರ ಹಿಂದೆ ವೂಚಾಂಗ್, ಹಾಂಕೌ, ಹಾನ್‌ಯಾಂಗ್ ಎಂಬ ಮೂರು ಊರಾಗಿತ್ತು. ಹಾನ್‌ಯಾಂಗಿನ ಶಸ್ತ್ರ ಕಾರ್ಖಾನೆಯಲ್ಲಿ 1895ರಿಂದ ಈ ರೈಫಲ್ ತಯಾರಾಯಿತು. ಮಾದರಿ ಜರ್ಮನಿಯದು, 1888ರದು. ಹೆಸರಿನಲ್ಲಿರುವ 88 ಅದೇ.

ನಮ್ಮ ಪೊಲೀಸರ ಹಳೆಯ 'ತ್ರೀ ನಾಟ್ ತ್ರೀ' ನೋಡಿದವರಿಗೆ ಇದು ತಿಳಿಯುವುದು ಸುಲಭ. ಒಂದೊಂದು ಗುಂಡು ಹಾರಿಸಿದ ಮೇಲೂ ಬೋಲ್ಟ್ ಎತ್ತಿ ಹಿಂದಕ್ಕೆ ಎಳೆದು, ಖಾಲಿ ಕಾಡತೂಸು ಹೊರಬಿದ್ದ ಮೇಲೆ ಮುಂದಕ್ಕೆ ದೂಡಬೇಕು. ತ್ರೀ ನಾಟ್ ತ್ರೀಯಲ್ಲಿ 10 ಗುಂಡು ಹಿಡಿಯುತ್ತವೆ, ಇದರಲ್ಲಿ 5 ಮಾತ್ರ. ಐದನ್ನೂ ಒಂದು ತಗಡಿನ ಕ್ಲಿಪ್ಪಿನ ಸಮೇತ ಒಳಗೆ ತಳ್ಳಬೇಕು. ಖಾಲಿಯಾದ ಕ್ಲಿಪ್ ಕೆಳಗಿನ ತೂತಿನಿಂದ ಬೀಳುತ್ತದೆ. ಅದೇ ತೂತಿನಿಂದ ಮಣ್ಣೂ ಒಳಗೆ ಹೋಗುತ್ತದೆ!

1911ರ ಅಕ್ಟೋಬರ್ 10ರಂದು ವೂಚಾಂಗಿನ ಸೈನಿಕರು ಇದೇ ಬಂದೂಕು ಹಿಡಿದು ಚಕ್ರವರ್ತಿಯ ಆಡಳಿತದ ವಿರುದ್ಧ ದಂಗೆ ಎದ್ದರು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1910ರ ಅಕ್ಟೋಬರ್ 10ರಂದು ಕೋಟ್ನೀಸ್ ಹುಟ್ಟಿದ್ದರು.

1935ರಲ್ಲಿ ಜರ್ಮನಿಯ ಮೌಸರ್ ಮಾದರಿಯ ಹೊಸ ರೈಫಲ್ ಬಂತು. ಚಿಯಾಂಗ್ ಕೈ-ಶೇಕ್ ಹೆಸರಿನ ಇದು ಹಾನ್‌ಯಾಂಗಿಗಿಂತ ಗಿಡ್ಡ, ಹೆಚ್ಚು ಗಟ್ಟಿ. ಆದರೂ ಹಳೆಯದು ಮೂಲೆ ಸೇರಲಿಲ್ಲ, ಏಕೆಂದರೆ 1937ರಲ್ಲಿ ಜಪಾನ್ ಜತೆ ಯುದ್ಧ ಶುರುವಾದಾಗ ಇದ್ದ ಬಂದೂಕೇ ಸಾಲುತ್ತಿರಲಿಲ್ಲ.

1938ರಲ್ಲಿ ಭಾರತದ ಐವರು ವೈದ್ಯರ ತಂಡ ಹಾಂಕೌಗೆ ಬಂತು. ಹಾನ್‌ಯಾಂಗ್ ಅಲ್ಲಿಂದ ನದಿಯ ಆಚೆ ದಂಡೆಗೆ. ಅದೇ ಅಕ್ಟೋಬರಿನಲ್ಲಿ ವುಹಾನ್ ಜಪಾನೀಯರ ವಶವಾಯಿತು. ಕಾರ್ಖಾನೆಯ ಯಂತ್ರಗಳನ್ನು ಒಳನಾಡಿಗೆ ಸಾಗಿಸಲಾಯಿತು. ಕೋಟ್ನೀಸ್ 1939ರಲ್ಲಿ ಯೆನಾನ್ ತಲುಪಿ, ಎಂಟನೇ ರೂಟ್ ಸೈನ್ಯದ ಗಾಯಾಳುಗಳ ಸೇವೆಗೆ ನಿಂತರು. ಆ ಸೈನ್ಯದ ಬಳಿ ಹಾನ್‌ಯಾಂಗೂ ಇತ್ತು, ಶತ್ರುವಿನಿಂದ ಕಸಿದ ಜಪಾನೀ ರೈಫಲ್ಲೂ ಇತ್ತು. ಒಂದಕ್ಕೆ 7.92 ಮಿ.ಮೀ. ಗುಂಡು, ಇನ್ನೊಂದಕ್ಕೆ 6.5. ಇದರದು ಅದಕ್ಕೆ ಕೂಡುವುದಿಲ್ಲ. ಒಂದೇ ತುಕಡಿಯಲ್ಲಿ ಎರಡೂ ಇದ್ದರೆ ಪಾಡೇನು?

ಕೋಟ್ನೀಸ್ 1942ರ ಡಿಸೆಂಬರ್ 9ರಂದು ತೀರಿಕೊಂಡರು. ಹಾನ್‌ಯಾಂಗ್ ತಯಾರಿಕೆ 1944ರಲ್ಲಿ ನಿಂತಿತು. ಆದರೂ ಈ ಹಳೆಯ ಬಂದೂಕುಗಳು 1950ರ ಕೊರಿಯಾ ಯುದ್ಧದಲ್ಲೂ ಕಂಡವು. 1956ರಿಂದ ಚೀನಾ ತಾನೇ ಗುಂಡು ತುಂಬಿಕೊಳ್ಳುವ ರೈಫಲ್ ತಯಾರಿಸತೊಡಗಿತು. 1962ರ ಗಡಿ ಯುದ್ಧದಲ್ಲಿ ಹೆಚ್ಚಾಗಿ ಬೋಲ್ಟ್ ಎಳೆಯಬೇಕಾದವರು ತ್ರೀ ನಾಟ್ ತ್ರೀ ಹಿಡಿದಿದ್ದ ನಮ್ಮ ಜವಾನರೇ.